ನಸ್ತಲೀಖಿನ ಭಾರ ಹೊತ್ತವರು

ಉರ್ದು ಪತ್ರಿಕೆಗಳು ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳವರೆಗೂ ಬಹುಪಾಲು ಕೈಬರಹದಲ್ಲೇ ಹೊರಬರುತ್ತಿದ್ದವು ಎಂದರೆ ಕನ್ನಡದ ಓದುಗರು ಹುಬ್ಬೇರಿಸುತ್ತಾರೆ. 1817ರಲ್ಲೇ ಸೆರಾಂಪುರದಲ್ಲಿ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾಗಿತ್ತಲ್ಲ, ಉರ್ದುವಿಗೇನಾಗಿತ್ತು ಎಂದು ಕೇಳುತ್ತಾರೆ.

ಮೊಳೆ ಇರಲಿಲ್ಲವೆಂದಲ್ಲ. ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜು ಉರ್ದು ಪುಸ್ತಕಗಳನ್ನು ಮೊಳೆಯಲ್ಲಿ ಅಚ್ಚು ಹಾಕಿಸಿತು. ಸರ್ ಸೈಯದ್ ಅಹ್ಮದ್ ಖಾನ್ ಕೂಡ ಅಲಿಗಢದಲ್ಲಿ ಮೊಳೆಯನ್ನೇ ನೆಚ್ಚಿದರು. ಆದರೆ ಮೊಳೆಗೆ ಒಗ್ಗುತ್ತಿದ್ದುದು ನಸ್ಖ್ ಶೈಲಿ. ಅರಬಿ ಪುಸ್ತಕಗಳಲ್ಲಿ ಕಾಣುವಂತೆ ಅಕ್ಷರಗಳು ನೇರ ಗೆರೆಯ ಮೇಲೆ ಕೂರುವ ಬರಹ. ಉರ್ದು ಓದುಗರ ಕಣ್ಣು ಪಳಗಿದ್ದುದು ನಸ್ತಲೀಖಿಗೆ. ಇಲ್ಲಿ ಪದ ಬಲಗಡೆಯ ಮೇಲಿನಿಂದ ಎಡಕ್ಕೆ ಓರೆಯಾಗಿ ಇಳಿಯುತ್ತದೆ. ಒಂದು ಅಕ್ಷರದ ಆಕಾರ, ಎತ್ತರ ಎರಡೂ ನೆರೆಯ ಅಕ್ಷರಗಳನ್ನು ನೋಡಿಕೊಂಡು ಬದಲಾಗುತ್ತವೆ. ಸೀಸದ ತುಂಡುಗಳಿಗೆ ಇದು ಆಗದ ಕೆಲಸ. ಹಾಗಾಗಿ ಕಲ್ಲಚ್ಚು ಗೆದ್ದಿತು. 1858ರಲ್ಲಿ ಲಕ್ನೋದಲ್ಲಿ ಶುರುವಾದ ಮುನ್ಷಿ ನವಲ್ ಕಿಶೋರರ ಮುದ್ರಣಾಲಯ ಬೆಳೆದದ್ದು ಕಾತಿಬರ ಲೇಖನಿಯ ಬಲದಿಂದ.

ನಸ್ಖಿಗೆ ಬದಲಾಯಿಸಿಕೊಂಡರೆ ಎಲ್ಲ ಸರಳವಾಗುತ್ತದೆ ಎಂದು ಸುಧಾರಕರು ಹೇಳುತ್ತಲೇ ಬಂದರು. ಓದುಗರದು ಬರೀ ಹಟ ಎಂದು ನಮಗೆ ಅನಿಸುವುದಿಲ್ಲ. ಪದವನ್ನು ಅದರ ಒಟ್ಟು ರೂಪದಿಂದಲೇ ಗುರುತಿಸುವವನಿಗೆ ಆ ರೂಪ ಸಿಗುವುದು ನಿಜವಾದ ಲಾಭ. ಆದರೆ ಅದರ ಬೆಲೆಯನ್ನೆಲ್ಲ ತೆತ್ತವನು ಕಾತಿಬ್. ಪ್ರತಿದಿನ, ಪ್ರತಿ ಪುಟಕ್ಕೆ, ಬೆನ್ನು ಬಗ್ಗಿಸಿ.

1981ರಲ್ಲಿ ಆ ಭಾರ ಹೆಗಲು ಬದಲಿಸಿತು. ಕರಾಚಿಯ ಮಿರ್ಜಾ ಅಹ್ಮದ್ ಜಮೀಲ್ ಅವರ ಬರಹದಿಂದ ಸುಮಾರು 18,000 ಜೋಡಾಕ್ಷರ ರೂಪಗಳನ್ನು ಸಿದ್ಧಪಡಿಸಿ, ಮಾನೋಟೈಪ್ ಕಂಪನಿಯ ಯಂತ್ರಕ್ಕೆ ತುಂಬಲಾಯಿತು. ಅದೇ ನೂರಿ ನಸ್ತಲೀಖ್. 'ಜಂಗ್' ದಿನಪತ್ರಿಕೆಯ ಲಾಹೋರ್ ಆವೃತ್ತಿ ಅದೇ ವರ್ಷ ಅದರಲ್ಲಿ ಹೊರಬಂತು. ಬೆರಳಚ್ಚು ಮಾಡುವವರು ಅಲಿಫ್, ಬೇ, ಲಾಮ್ ಎಂದು ಒಂದೊಂದೇ ಅಕ್ಷರ ಒತ್ತಿದರೆ ಸಾಕು, ಯಾವ ರೂಪ ಬೇಕೆಂದು ಯಂತ್ರವೇ ಆರಿಸುತ್ತಿತ್ತು. ಹದಿನೆಂಟು ಸಾವಿರ ರೂಪಗಳ ಗೋಜಲು ಕೀಲಿಮಣೆಯ ಮೇಲೆ ಒಂದಿಷ್ಟೂ ಕಾಣಲಿಲ್ಲ. ಕಾತಿಬರ ಕೆಲಸ ಹೋಯಿತು ಎಂಬುದನ್ನೂ ಈ ಲೆಕ್ಕದಲ್ಲಿ ಸೇರಿಸಬೇಕು.

ಕನ್ನಡದ ಕೀಲಿಮಣೆಯಲ್ಲೂ ಇಂಥದೇ ಲೆಕ್ಕ ನಡೆದಿದೆ. ಬ್ರಾಹ್ಮಿ ಮೂಲದ ಭಾರತೀಯ ಲಿಪಿಗಳಿಗೆಲ್ಲ ಒಂದೇ ವಿನ್ಯಾಸವಿರಲಿ ಎಂದು ಕೇಂದ್ರ ಸರ್ಕಾರ ರೂಪಿಸಿದ ಇನ್‌ಸ್ಕ್ರಿಪ್ಟ್‌ನಲ್ಲಿ ಸ್ವರಾಕ್ಷರಕ್ಕೊಂದು ಒತ್ತು, ಅದರ ಗುಣಿತ ಚಿಹ್ನೆಗೆ ಬೇರೊಂದು ಒತ್ತು. ಕನ್ನಡ, ತೆಲುಗು, ಹಿಂದಿ ಮೂರನ್ನೂ ಟೈಪಿಸುವವರಿಗೆ ಅದು ಅನುಕೂಲವೇ. ಆದರೆ ನಮ್ಮ ತಾಲ್ಲೂಕು ಕಚೇರಿಯ ಗುಮಾಸ್ತರಿಗೆ? ಕೆ.ಪಿ. ರಾವ್ ಅವರ ವಿನ್ಯಾಸದಲ್ಲಿ ಎರಡಕ್ಕೂ ಒಂದೇ ಕೀಲಿ. ಪದದ ಮೊದಲಲ್ಲಿ ಒತ್ತಿದರೆ 'ಇ', 'ಕ'ದ ನಂತರ ಒತ್ತಿದರೆ 'ಕಿ'. ಹಿಂದಿನ ಅಕ್ಷರ ಯಾವುದೆಂದು ನೋಡುವ ಕೆಲಸ ಕಂಪ್ಯೂಟರಿನದು. ಕರ್ನಾಟಕ ಸರ್ಕಾರ ಸಣ್ಣಪುಟ್ಟ ಮಾರ್ಪಾಡುಗಳೊಂದಿಗೆ ಇದನ್ನೇ ಒಪ್ಪಿತು.

ಮರೆಗೆ ಸರಿಸಿದ ಗೋಜಲು ಕೆಲವೊಮ್ಮೆ ಬೇರೆ ಕಡೆಯಿಂದ ತಲೆ ಎತ್ತುತ್ತದೆ. 1994ರಲ್ಲಿ ದೆಹಲಿಯ ಕಾನ್ಸೆಪ್ಟ್ ಸಾಫ್ಟ್‌ವೇರ್ ತಂದ 'ಇನ್‌ಪೇಜ್' ನೂರಿ ನಸ್ತಲೀಖನ್ನು ಸಾಮಾನ್ಯರ ಮೇಜಿಗೆ ತಂದಿತು. ಹಲವು ಕೀಲಿಮಣೆಗಳ ಆಯ್ಕೆ ಕೊಟ್ಟಿತು. ನಾವು ಕಂಡ ಮಟ್ಟಿಗೆ ಜನ ಇಂಗ್ಲಿಷ್ ಉಚ್ಚಾರದ ಕೀಲಿಮಣೆಯೊಂದನ್ನೇ ಬಳಸಿದರು, ಉಳಿದವು ಪಟ್ಟಿಯಲ್ಲೇ ಉಳಿದವು. ಅದು ಚಿಕ್ಕ ವಿಷಯ. ದೊಡ್ಡದೆಂದರೆ, 1991ರಲ್ಲೇ ಯೂನಿಕೋಡ್ ಬಂದಿದ್ದರೂ ಹಳೆಯ ಇನ್‌ಪೇಜ್ ತನ್ನದೇ ಸಂಕೇತಗಳಲ್ಲಿ ಪಠ್ಯವನ್ನು ಇಡುತ್ತಿತ್ತು. ನುಡಿಯ ಹಳೆಯ ಕಡತಗಳನ್ನು ಬೇರೆಡೆ ತೆರೆದು ಕಂಗಾಲಾದವರಿಗೆ ಇದನ್ನು ವಿವರಿಸಬೇಕಿಲ್ಲ. ಎಷ್ಟೋ ಉರ್ದು ಪತ್ರಿಕೆಗಳು ತಮ್ಮ ಪುಟಗಳನ್ನು ಚಿತ್ರಗಳಾಗಿ ಅಂತರಜಾಲಕ್ಕೆ ಏರಿಸಿದವು. ಅವುಗಳಲ್ಲಿ ಒಂದು ಹೆಸರು ಹುಡುಕುವಂತಿರಲಿಲ್ಲ.

ಪರಿವರ್ತಕಗಳು ಈಗ ಇವೆ. ಆದರೆ ಉರ್ದುವಿನಲ್ಲಿ ದಾಲ್, ರೇ, ವಾವ್‌ನಂಥ ಅಕ್ಷರಗಳು ಮುಂದಿನದಕ್ಕೆ ಅಂಟುವುದಿಲ್ಲವಾದ್ದರಿಂದ, ಪದ ಅಲ್ಲಿಗೆ ಮುಗಿದರೆ ನಡುವೆ ಜಾಗ ಬಿಡದಿದ್ದರೂ ಪುಟ ಸರಿಯಾಗಿಯೇ ಕಾಣುತ್ತದೆ. ಬೆರಳಚ್ಚಿನವರು ಎಷ್ಟೋ ಸಲ ಬಿಟ್ಟೇ ಇಲ್ಲ. ಪರಿವರ್ತಿಸಿದಾಗ ಎರಡು ಪದ ಒಂದಾಗಿ ಅಂಟಿಕೊಂಡಿರುತ್ತದೆ, ಹುಡುಕಿದರೆ ಸಿಗುವುದಿಲ್ಲ. ಅದನ್ನು ಬಿಡಿಸಲು ಉರ್ದು ಚೆನ್ನಾಗಿ ಬಲ್ಲ ಒಬ್ಬರು ಸಾಲಿನ ಮೇಲೆ ಬೆರಳಿಟ್ಟು ಕೂರಬೇಕು.