ವೂ ಲಿ

ವೂ ಲಿ (1632–1718) ಚೀನಾದ ಚಿಂಗ್ ರಾಜವಂಶದ ಆರಂಭಕಾಲದ ಚಿತ್ರಕಾರರು, ಕವಿ ಹಾಗೂ ಜೆಸ್ವಿಟ್ ಪಾದ್ರಿ. ಆ ಕಾಲದ ಆರು ಮಂದಿ ಶ್ರೇಷ್ಠ ಚಿತ್ರಕಾರರಲ್ಲಿ ಇವರೂ ಒಬ್ಬರೆಂದು ಪರಿಗಣಿಸಲಾಗಿದೆ.

ಜೀವನ

ಇವರು ಜ್ಯಾಂಗ್ಸು ಪ್ರಾಂತದ ಚಾಂಗ್‌ಶೂ ಪಟ್ಟಣದಲ್ಲಿ ಜನಿಸಿದರು. ವಾಂಗ್ ಜ್ಯಾನ್ ಹಾಗೂ ವಾಂಗ್ ಶಿಮಿನ್ ಅವರಲ್ಲಿ ಚಿತ್ರಕಲೆಯನ್ನೂ ಚ್ಯೆನ್ ಚ್ಯೆನ್‌ಯಿ ಅವರಲ್ಲಿ ಕಾವ್ಯವನ್ನೂ ಅಭ್ಯಾಸ ಮಾಡಿದರು. ಐವತ್ತರ ಆಸುಪಾಸಿನಲ್ಲಿ, ಪಾದ್ರಿ ಫಿಲಿಪ್ ಕುಪ್ಲೆ ಅವರೊಡನೆ ಯೂರೋಪಿಗೆ ತೆರಳುವ ಉದ್ದೇಶದಿಂದ ಮಕಾವ್‌ಗೆ ಬಂದರು. ಆ ಪ್ರಯಾಣ ಕೈಗೂಡಲಿಲ್ಲ. 1682ರಲ್ಲಿ ಅಲ್ಲಿಯೇ ಜೆಸ್ವಿಟ್ ಸಂಘವನ್ನು ಸೇರಿದರು. 1688ರಲ್ಲಿ ನಾನ್‌ಜಿಂಗ್‌ನಲ್ಲಿ, ಚೀನೀಯರಲ್ಲಿ ಮೊದಲ ಬಿಷಪ್ ಆದ ಲುವೊ ವೆನ್‌ಜಾವೊ ಅವರಿಂದ ಗುರುದೀಕ್ಷೆ ಪಡೆದರು. ಅನಂತರ ಶಾಂಘೈ ಮತ್ತು ಜ್ಯಾಡಿಂಗ್ ಪ್ರದೇಶಗಳಲ್ಲಿ ಧರ್ಮಸೇವೆ ಸಲ್ಲಿಸಿ, 1718ರಲ್ಲಿ ಶಾಂಘೈಯಲ್ಲಿ ನಿಧನರಾದರು.

ಕಾವ್ಯ

ಬೌದ್ಧ ಮತ್ತು ದಾವ್ ಚಿಂತನೆಗಳಿಗೆ ಚೀನೀ ಕಾವ್ಯದಲ್ಲಿ ಶತಮಾನಗಳ ನುಡಿಗಟ್ಟಿತ್ತು. ಕ್ರೈಸ್ತ ಭಕ್ತಿಗೆ ಅಂಥ ಪರಂಪರೆ ಇರಲಿಲ್ಲ. ತ್ರಿತ್ವ, ಕ್ರಿಸ್ತನ ಜನನ, ಸಂತರ ಚರಿತ್ರೆ ಮೊದಲಾದ ವಿಷಯಗಳನ್ನು ವೂ ಲಿ ಅಭಿಜಾತ ಛಂದಸ್ಸಿಗೂ ಪ್ರಾಚೀನ ಗ್ರಂಥಗಳ ಪದಸಂಪತ್ತಿಗೂ ಒಗ್ಗಿಸಿದರು. ಮಕಾವ್‌ನ ಜನಜೀವನವನ್ನು ಕುರಿತ 30 ಪದ್ಯಗಳ ಮಾಲೆಯನ್ನೂ ರಚಿಸಿದ್ದಾರೆ. ‘ಸಾನ್‌ಬಾ ಜಿ’ ಇವರ ಪ್ರಸಿದ್ಧ ಕವನ ಸಂಗ್ರಹ. ಮಕಾವ್‌ನ ಸಂತ ಪೌಲರ ಚರ್ಚಿಗಿದ್ದ ಚೀನೀ ಹೆಸರೇ ಸಾನ್‌ಬಾ.

ಚಿತ್ರಕಲೆ

ಮತಾಂತರವು ಇವರ ಕುಂಚವನ್ನು ಬದಲಿಸಲಿಲ್ಲ. ಬೆಟ್ಟ, ನದಿ, ಮರಗಳ ಸಾಂಪ್ರದಾಯಿಕ ಮಸಿಚಿತ್ರಗಳನ್ನೇ ಮುಂದುವರಿಸಿದರು. ಪಾಶ್ಚಾತ್ಯ ಚಿತ್ರಕಾರರು ನೆರಳು-ಬೆಳಕುಗಳಿಂದ ವಸ್ತುವಿನ ಹೋಲಿಕೆಯನ್ನು ಸಾಧಿಸುತ್ತಾರೆ, ಚೀನೀಯರು ಬಾಹ್ಯ ಹೋಲಿಕೆಗೆ ಮಹತ್ವ ಕೊಡುವುದಿಲ್ಲ ಎಂಬುದು ಇವರ ಅಭಿಪ್ರಾಯವಾಗಿತ್ತು. ಹೀಗೆ ಇವರ ಹೊಸ ನಂಬಿಕೆಯು ಚಿತ್ರಗಳಿಗಿಂತ ಹೆಚ್ಚಾಗಿ ಕಾವ್ಯದಲ್ಲಿಯೇ ವ್ಯಕ್ತವಾಯಿತು.