ನೆರೆಯವರ ಬಾಗಿಲಲ್ಲಿ ಆಫ್ಘನ್ ತಾಯಂದಿರು



ಯುದ್ಧಗಳ ಚರಿತ್ರೆಯಲ್ಲಿ ದಂಡನಾಯಕರ ಹೆಸರುಗಳೂ ಒಪ್ಪಂದಗಳ ದಿನಾಂಕಗಳೂ ಉಳಿಯುತ್ತವೆ. ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಗಡಿ ದಾಟಿದ ತಾಯಂದಿರು ಮಾತ್ರ ಬರಿಯ ಸಂಖ್ಯೆಗಳಾಗುತ್ತಾರೆ. ಆಫ್ಘಾನಿಸ್ತಾನದ ಇತ್ತೀಚಿನ ಚರಿತ್ರೆಯನ್ನು ಆ ತಾಯಂದಿರ ಕಡೆಯಿಂದ ಓದಿದಾಗ ಒಂದು ಪ್ರಶ್ನೆ ನಮ್ಮೆದುರು ನಿಲ್ಲುತ್ತದೆ: ಆಶ್ರಯವೆಂದರೆ ತಲೆಯ ಮೇಲಿನ ಸೂರು ಮಾತ್ರವೇ, ಅಥವಾ ಅದಕ್ಕಿಂತ ಹೆಚ್ಚಿನದೇನಾದರೂ ಅದರಲ್ಲಿ ಅಡಗಿದೆಯೇ?

ಗುಳೆ ಹೊರಟ ನಾಡು

1978ರ ಏಪ್ರಿಲ್‌ನಲ್ಲಿ ಕಾಬೂಲಿನಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದರು. 1979ರ ಡಿಸೆಂಬರ್‌ನಲ್ಲಿ ಸೋವಿಯತ್ ಸೇನೆ ದೇಶದೊಳಕ್ಕೆ ನುಗ್ಗಿತು. ಹಳ್ಳಿಗಳು ಬಾಂಬಿಗೆ ತುತ್ತಾದವು, ನೀರಿನ ಕಾಲುವೆಗಳು ಹಾಳಾದವು, ಹೊಲಗಳಲ್ಲಿ ನೆಲಬಾಂಬುಗಳು ಹುದುಗಿದವು. ಜನರು ಊರುಬಿಟ್ಟು ಹೊರಟರು. ಪೂರ್ವದವರು ಖೈಬರ್ ಕಣಿವೆಯ ದಾರಿಯಾಗಿ ಪೆಶಾವರಕ್ಕೆ, ದಕ್ಷಿಣದವರು ಚಮನ್ ಮೂಲಕ ಕ್ವೆಟ್ಟಾಕ್ಕೆ, ಪಶ್ಚಿಮದ ಹೆರಾತಿನವರು ಇರಾನಿನ ಮಶಾದ್ ಕಡೆಗೆ ನಡೆದರು. 1990ರ ಹೊತ್ತಿಗೆ ದೇಶಬಿಟ್ಟವರು 60 ಲಕ್ಷಕ್ಕೂ ಹೆಚ್ಚು. ಅವರಲ್ಲಿ ಸುಮಾರು ಅರ್ಧದಷ್ಟು ಜನ ಪಾಕಿಸ್ತಾನದಲ್ಲಿದ್ದರೆ, ಉಳಿದವರಲ್ಲಿ ಬಹುಪಾಲು ಇರಾನಿನಲ್ಲಿದ್ದರು. ಪಾಕಿಸ್ತಾನದ ಶಿಬಿರಗಳಲ್ಲಿದ್ದ ನಾಲ್ವರಲ್ಲಿ ಮೂವರು ಹೆಂಗಸರು ಮತ್ತು ಮಕ್ಕಳು. ಗಂಡಸರಲ್ಲಿ ಅನೇಕರು ಸತ್ತಿದ್ದರು, ಇಲ್ಲವೇ ಬಂದೂಕು ಹಿಡಿದು ಬೆಟ್ಟಗಳಲ್ಲಿದ್ದರು.

ನೆರೆಯವರು ಅಂದು ಬಾಗಿಲು ತೆರೆದುದನ್ನು ನಾವು ಕೃತಜ್ಞತೆಯಿಂದ ಸ್ಮರಿಸಬೇಕು. 1893ರಲ್ಲಿ ಆಂಗ್ಲರು ಎಳೆಸಿದ ಡುರಾಂಡ್ ರೇಖೆಯ ಎರಡೂ ಕಡೆ ಪಠಾಣರೇ ವಾಸವಾಗಿದ್ದಾರೆ. ಭಾಷೆ ಒಂದೇ, ನಂಟಸ್ತನವೂ ಉಂಟು. ಮೊರೆಹೊಕ್ಕವರನ್ನು ಹಿಂದಕ್ಕಟ್ಟಬಾರದೆಂಬುದು ಅವರ ಕುಲಧರ್ಮ. ಇರಾನ್ ಕೂಡ ಇವರನ್ನು ‘ಮುಹಾಜಿರ್’ ಎಂಬ ಗೌರವದ ಹೆಸರಿನಿಂದ ಬರಮಾಡಿಕೊಂಡಿತು. ನಿರಾಶ್ರಿತರ ಬಗೆಗಿನ 1951ರ ಅಂತರರಾಷ್ಟ್ರೀಯ ಒಡಂಬಡಿಕೆಗೆ ಪಾಕಿಸ್ತಾನ ಸಹಿ ಹಾಕಿರಲಿಲ್ಲ. ಆದರೂ ಲಕ್ಷಾಂತರ ಜನಕ್ಕೆ ಇರಲು ನೆಲ ಕೊಟ್ಟಿತು.

ಡೇರೆಯೊಳಗಿನ ಬದುಕು

ಆದರೆ ಸ್ತ್ರೀಯರ ಪಾಲಿಗೆ ಈ ಆಶ್ರಯವೇ ಮತ್ತೊಂದು ಬಗೆಯ ಸೆರೆಯಾಯಿತು. ಹಳ್ಳಿಯಲ್ಲಿ ಸುತ್ತಲೂ ಬಂಧುಬಳಗದವರೇ ಇದ್ದುದರಿಂದ ಅವರು ಹೊಲಕ್ಕೂ ನೀರಿನ ತಾಣಕ್ಕೂ ಹೋಗಿಬರುತ್ತಿದ್ದರು. ಶಿಬಿರದಲ್ಲಾದರೋ ಪಕ್ಕದ ಡೇರೆಯವರೂ ಅಪರಿಚಿತರು. ಹೀಗಾಗಿ ಪರದೆಯ ಕಟ್ಟುಪಾಡು ಸಡಿಲಗೊಳ್ಳುವ ಬದಲು ಬಿಗಿಯಾಯಿತು. ಕಾಯಿಲೆ ಬಿದ್ದ ಹೆಂಗಸು ಗಂಡಸು ವೈದ್ಯನ ಮುಂದೆ ಕೂರುವಂತಿರಲಿಲ್ಲ. ಪಡಿತರದ ಪುಸ್ತಕ ಸಾಮಾನ್ಯವಾಗಿ ಮನೆಯ ಯಜಮಾನನ ಹೆಸರಿನಲ್ಲಿರುತ್ತಿತ್ತು. ಯಜಮಾನನೇ ಇಲ್ಲದ ವಿಧವೆ ಹಿಟ್ಟಿಗೂ ಎಣ್ಣೆಗೂ ಬೇರೊಬ್ಬರ ದಾಕ್ಷಿಣ್ಯಕ್ಕೆ ಕಾಯಬೇಕಾಗಿತ್ತು.

ಈ ಕತ್ತಲೆಯಲ್ಲಿಯೂ ದೀಪ ಹಚ್ಚಿದವರಿದ್ದರು. 1977ರಲ್ಲಿ ಕಾಬೂಲಿನಲ್ಲಿ ಮಹಿಳಾ ಸಂಘಟನೆಯೊಂದನ್ನು ಸ್ಥಾಪಿಸಿದ್ದ ಮೀನಾ ಎಂಬಾಕೆ ಕ್ವೆಟ್ಟಾಕ್ಕೆ ಬಂದು ನಿರಾಶ್ರಿತರ ಮಕ್ಕಳಿಗೆ ಶಾಲೆ ನಡೆಸಿದರು. 1987ರ ಫೆಬ್ರವರಿಯಲ್ಲಿ ಅದೇ ಊರಿನಲ್ಲಿ ಅವರ ಹತ್ಯೆಯಾಯಿತು. ಆಗ ಅವರಿಗೆ ಸುಮಾರು ಮೂವತ್ತು ವರ್ಷ. ಗಡಿ ದಾಟಿದ ಮಾತ್ರಕ್ಕೆ ಸುರಕ್ಷತೆ ದೊರೆಯುವುದಿಲ್ಲವೆಂಬ ಕಹಿಸತ್ಯಕ್ಕೆ ಆ ಸಾವು ಸಾಕ್ಷಿಯಾಯಿತು.

1992ರ ಅಂತರ್ಯುದ್ಧದಲ್ಲಿ ಕಾಬೂಲನ್ನು ತೊರೆದ ಶಿಕ್ಷಕಿ ಅಕೀಲಾ ಆಸಿಫಿ ಪಂಜಾಬ್ ಪ್ರಾಂತದ ಕೋಟ್ ಚಂದನಾ ಶಿಬಿರವನ್ನು ಸೇರಿದರು. ಅಲ್ಲಿ ಹೆಣ್ಣುಮಕ್ಕಳಿಗೆ ಶಾಲೆಯೆಂಬುದೇ ಇರಲಿಲ್ಲ. ಅವರು ಮನೆಮನೆಗೆ ಹೋಗಿ ಹಿರಿಯರ ಮನವೊಲಿಸಿದರು. ಎರವಲು ಪಡೆದ ಡೇರೆಯೊಂದರಲ್ಲಿ ಸುಮಾರು ಇಪ್ಪತ್ತು ಬಾಲಕಿಯರೊಡನೆ ಪಾಠ ಆರಂಭವಾಯಿತು. ಜನರ ಸಂಶಯ ದೂರವಾಗಲೆಂದು ಮೊದಲು ಶುಚಿತ್ವ, ಮನೆವಾರ್ತೆ, ಧರ್ಮಬೋಧೆಗಳನ್ನಷ್ಟೇ ಕಲಿಸಿದರು. ನಂಬಿಕೆ ಬೆಳೆದಂತೆ ಇತರ ವಿಷಯಗಳು ಸೇರಿದವು. ಪುಸ್ತಕಗಳಿಲ್ಲದ್ದರಿಂದ ಪಾಠಗಳನ್ನು ಕೈಯಿಂದಲೇ ಬರೆದುಕೊಟ್ಟರು. ಎರಡು ದಶಕಗಳಲ್ಲಿ ಸಾವಿರಕ್ಕೂ ಹೆಚ್ಚು ಹೆಣ್ಣುಮಕ್ಕಳು ಅವರಿಂದ ಅಕ್ಷರ ಕಲಿತರು. 2015ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಅವರಿಗೆ ನಾನ್ಸೆನ್ ಪ್ರಶಸ್ತಿ ನೀಡಿತು. ಸಮುದಾಯದ ಮನಸ್ಸನ್ನು ಒಳಗಿನಿಂದಲೇ ತಿದ್ದಿದ ಈ ತಾಳ್ಮೆಯನ್ನು ಗಮನಿಸಿ. ಹೊರಗಿನವರ ಆಜ್ಞೆಯಿಂದ ಆಗದ ಕೆಲಸವನ್ನು ಒಬ್ಬ ತಾಯಿಯ ಸಹನೆ ಮಾಡಿತು.

ಬಾಗಿಲು ಮುಚ್ಚಿದಾಗ

1984ರಲ್ಲಿ ಪೆಶಾವರದ ನಾಸಿರ್ ಬಾಗ್ ಶಿಬಿರದಲ್ಲಿ ತೆಗೆದ ಹಸಿರು ಕಣ್ಣಿನ ಬಾಲಕಿಯ ಛಾಯಾಚಿತ್ರವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಮರುವರ್ಷ ಅದು ಜಗತ್ಪ್ರಸಿದ್ಧ ಪತ್ರಿಕೆಯೊಂದರ ಮುಖಪುಟವನ್ನು ಅಲಂಕರಿಸಿತು. ಆಕೆಯ ಹೆಸರು ಶರಬತ್ ಗುಲಾ ಎಂಬುದು ಜಗತ್ತಿಗೆ ತಿಳಿದದ್ದು 2002ರಲ್ಲಿ. 2016ರಲ್ಲಿ ನಕಲಿ ಗುರುತಿನ ಚೀಟಿಯ ಆರೋಪದ ಮೇಲೆ ಆಕೆಯನ್ನು ಪಾಕಿಸ್ತಾನದಲ್ಲಿ ಬಂಧಿಸಿ, ಆಫ್ಘಾನಿಸ್ತಾನಕ್ಕೆ ಕಳುಹಿಸಲಾಯಿತು. 2021ರಲ್ಲಿ ತಾಲಿಬಾನ್ ಮರಳಿದ ಬಳಿಕ ಇಟಲಿ ಆಕೆಗೆ ಆಶ್ರಯ ನೀಡಿತು. ಲೋಕವೆಲ್ಲ ಗುರುತಿಸಿದ ಮುಖಕ್ಕೇ ಈ ಗತಿಯಾದರೆ, ಯಾರೂ ಚಿತ್ರ ತೆಗೆಯದ ಲಕ್ಷಾಂತರ ಸ್ತ್ರೀಯರ ಪಾಡೇನು?

2021ರ ಆಗಸ್ಟ್ 15ರ ನಂತರ ಆಫ್ಘಾನಿಸ್ತಾನದಲ್ಲಿ ಆರನೆಯ ತರಗತಿಗಿಂತ ಮುಂದೆ ಹೆಣ್ಣುಮಕ್ಕಳ ಓದು ನಿಂತಿತು. ಅದೇ ಡಿಸೆಂಬರ್‌ನಲ್ಲಿ, ಮಹರಮ್ ಅಂದರೆ ಹತ್ತಿರದ ಗಂಡಸು ಸಂಬಂಧಿ ಜೊತೆಗಿಲ್ಲದೆ ಹೆಂಗಸು 72 ಕಿಲೋಮೀಟರಿಗಿಂತ ದೂರ ಪ್ರಯಾಣಿಸಕೂಡದೆಂಬ ಆಜ್ಞೆ ಹೊರಟಿತು. ಇದರ ಅರ್ಥವನ್ನು ಒಮ್ಮೆ ಯೋಚಿಸಿ. ಒಂಟಿ ವಿಧವೆಗೆ ಗಡಿಯವರೆಗಿನ ದಾರಿಯೇ ಮುಚ್ಚಿದಂತಾಯಿತು. 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲೂ ಅವರಿಗೆ ಮುಚ್ಚಿತು.

ಇತ್ತ ನೆರೆಯವರ ಸಹನೆಯೂ ಬತ್ತಿತು. ದಶಕಗಳ ಹೊರೆ, ಭಯೋತ್ಪಾದನೆಯ ಭೀತಿ, ಸ್ವಂತ ಜನರ ಬಡತನ, ಇವೆಲ್ಲವೂ ಕಾರಣಗಳೇ. ದಾಖಲೆಯಿಲ್ಲದ ವಿದೇಶಿಯರು 2023ರ ನವೆಂಬರ್ 1ರೊಳಗೆ ಹೊರಡಬೇಕೆಂದು ಪಾಕಿಸ್ತಾನ ಆಜ್ಞಾಪಿಸಿತು. ಒಂದು ಕಾಲಕ್ಕೆ ದಾಖಲೆಯಿಲ್ಲದ ಆಫ್ಘನ್ ಮಕ್ಕಳಿಗೂ ಶಾಲೆಗಳನ್ನು ತೆರೆಯುವಂತೆ 2015ರಲ್ಲಿ ಆದೇಶಿಸಿದ್ದ ಇರಾನ್, 2025ರಲ್ಲಿ ಬೃಹತ್ ಪ್ರಮಾಣದಲ್ಲಿ ಜನರನ್ನು ಹೊರಗೆ ಕಳುಹಿಸಿತು. ಆ ಒಂದೇ ವರ್ಷದಲ್ಲಿ ಎರಡೂ ದೇಶಗಳಿಂದ 20 ಲಕ್ಷಕ್ಕೂ ಹೆಚ್ಚು ಜನ ಮರಳಿದರು. ‘ಮರಳಿದರು’ ಎಂಬ ಪದವೂ ಅನೇಕರಿಗೆ ಸಲ್ಲದು. ಪೆಶಾವರದಲ್ಲಿಯೋ ಮಶಾದಿನಲ್ಲಿಯೋ ಹುಟ್ಟಿ ಬೆಳೆದ ಹುಡುಗಿಗೆ ಅದು ಎಂದೂ ಕಾಣದ ದೇಶ. ಗಡಿ ದಾಟಿದ ಕ್ಷಣವೇ ಆಕೆ ಕೈಯಲ್ಲಿದ್ದ ಪುಸ್ತಕವನ್ನು ಕೆಳಗಿಡಬೇಕು.

ನಮ್ಮ ಪಾಲಿನ ಮಾತು

ಈ ಕಥೆಗೂ ನಮ್ಮ ಧರ್ಮಸಭೆಗೂ ನಂಟಿದೆ. ತಮಿಳುನಾಡಿನ ಯೇಸುಸಭೆಯ ಗುರು ಅಲೆಕ್ಸಿಸ್ ಪ್ರೇಮ್ ಕುಮಾರ್ ಹೆರಾತಿನ ಬಳಿ, ಹೊರನಾಡಿನಿಂದ ಮರಳಿದ ನಿರಾಶ್ರಿತರ ಮಕ್ಕಳ ಶಾಲೆಯ ಕಾರ್ಯದಲ್ಲಿದ್ದಾಗ 2014ರ ಜೂನ್‌ನಲ್ಲಿ ಅಪಹರಣಕ್ಕೊಳಗಾದರು. ಎಂಟು ತಿಂಗಳಿಗೂ ಹೆಚ್ಚು ಕಾಲ ಸೆರೆಯಲ್ಲಿದ್ದು 2015ರ ಫೆಬ್ರವರಿಯಲ್ಲಿ ಬಿಡುಗಡೆ ಹೊಂದಿದರು. ಪರದೇಶದ, ಪರಧರ್ಮದ ಮಕ್ಕಳ ಅಕ್ಷರಕ್ಕಾಗಿ ಅವರು ತೆತ್ತ ಬೆಲೆ ಅದು.

ಆರಂಭದ ಪ್ರಶ್ನೆಗೆ ಈ ಚರಿತ್ರೆಯೇ ಉತ್ತರ ಹೇಳುತ್ತದೆ. ಸ್ತ್ರೀಗೆ ಆಶ್ರಯವೆಂದರೆ ಡೇರೆ ಮಾತ್ರವಲ್ಲ. ಅದು ಆಕೆಯದೇ ಹೆಸರಿನಲ್ಲಿರುವ ಒಂದು ಪಡಿತರ ಚೀಟಿ, ಒಂದು ಶಾಲೆ, ನಾಳೆಯೂ ಇಲ್ಲಿಯೇ ಇರಬಲ್ಲೆನೆಂಬ ಭರವಸೆ. ಇವು ಮೂರೂ ಇಲ್ಲದಿದ್ದರೆ ಅದು ಆಶ್ರಯವಲ್ಲ, ಬರಿಯ ತಂಗುದಾಣ. ದೂರದ ಊರುಗಳಿಂದ ಮಕ್ಕಳೊಡನೆ ಬಂದು ನಮ್ಮ ನೆರೆಯಲ್ಲಿ ನೆಲೆಸುವ ಕೂಲಿಕಾರ ತಾಯಂದಿರನ್ನು ನಾವು ಯಾವ ಅಳತೆಗೋಲಿನಿಂದ ಕಾಣುತ್ತಿದ್ದೇವೆಂಬುದನ್ನು ಪ್ರತಿಯೊಂದು ಕುಟುಂಬವೂ ಕುಳಿತು ಆಲೋಚಿಸಲಿ.