ಸಕುರಾ ಅರಳುವ ದಿನ: ಜಪಾನಿನ ಹೂ ನೋಡುವ ಪದ್ಧತಿ ಬೆಳೆದು ಬಂದ ದಾರಿ

ಕ್ಯೋಟೊದ ಸಕುರಾ (ಚೆರಿ) ಮರಗಳು 2021ರಲ್ಲಿ ಮಾರ್ಚ್ 26ಕ್ಕೇ ಪೂರ್ತಿ ಅರಳಿ ನಿಂತವು. ಅಲ್ಲಿಯವರೆಗಿನ ಸುಮಾರು 1200 ವರ್ಷಗಳ ದಾಖಲೆಯಲ್ಲಿ ಅಷ್ಟು ಬೇಗ ಅವು ಅರಳಿದ್ದಿಲ್ಲ. ಹಳೆಯ ದಾಖಲೆ 1409ರ ಮಾರ್ಚ್ 27. ಭೂಮಿ ಬಿಸಿಯಾಗುತ್ತಿರುವುದಕ್ಕೆ ಸಾಕ್ಷಿಯಾಗಿ ಈ ಸುದ್ದಿ ಜಗತ್ತೆಲ್ಲ ಸುತ್ತಿತು. ಆದರೆ ನನ್ನ ಕುತೂಹಲ ಬೇರೆ. ಅಷ್ಟು ಹಿಂದೆ ಈ ದಿನಾಂಕಗಳನ್ನು ಬರೆದಿಟ್ಟವರು ಯಾರು? ಒಸಾಕಾದ ವಿಜ್ಞಾನಿ ಯಾಸುಯುಕಿ ಆವೊನೊ ಅರಮನೆಯವರ, ಸಾಮಂತರ, ಬೌದ್ಧ ಭಿಕ್ಷುಗಳ ದಿನಚರಿಗಳನ್ನು ಜಾಲಾಡಿ, ಯಾವ ವರ್ಷ ಯಾವ ದಿನ ಹೂವಿನ ಔತಣ ನಡೆಯಿತು ಎಂದು ಹೆಕ್ಕಿ ಆ ಪಟ್ಟಿ ಕಟ್ಟಿದರು. ಅಂದರೆ ಇಂದಿನ ಹವಾಮಾನ ವಿಜ್ಞಾನಕ್ಕೆ ಈ ಅಂಕಿಗಳನ್ನು ಒದಗಿಸಿದವರು ಊಟ ಕಟ್ಟಿಕೊಂಡು ಹೂ ನೋಡಲು ಹೋದ ಹಳೆಯ ಪ್ರವಾಸಿಗರು.

ಹೂ ನೋಡಲು ಹೋಗುವ ಈ ಪದ್ಧತಿಗೆ ಹನಾಮಿ ಎಂದು ಹೆಸರು. ಅದರ ಚರಿತ್ರೆಯನ್ನು ಸಾಮಾನ್ಯವಾಗಿ ಕ್ಷಣಿಕತೆಯ ತತ್ವವಾಗಿ ಹೇಳುತ್ತಾರೆ. ಉದುರುವ ಹೂವಿನ ಬಗ್ಗೆ ಬೇಕಾದಷ್ಟು ಬರೆದಾಗಿದೆ, ಅದನ್ನು ಇಲ್ಲಿ ಬಿಡೋಣ. ನನಗೆ ಕಾಣುವುದು ಇಷ್ಟು: ಹೂ ಅರಳುವ ದಿನವನ್ನು ಮೊದಲೇ ತಿಳಿಯುವ ವಿದ್ಯೆ ಹರಿತವಾಗುತ್ತ ಹೋದಂತೆ ಎಲ್ಲರೂ ಒಂದೇ ವಾರ ಒಂದೇ ಮರದಡಿ ಬಂದು ನಿಂತರು. ಇಂದು ಪ್ರವಾಸ ಯೋಜಿಸುವವರ ಕಷ್ಟವೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ಮೊದಲಿಗೆ ಜಪಾನೀಯರು ಆಸೆಪಟ್ಟು ನೋಡಿದ್ದು ಸಕುರಾವನ್ನೇ ಅಲ್ಲ. ಎಂಟನೆಯ ಶತಮಾನದ ನಾರಾ ಕಾಲದಲ್ಲಿ ಮೆಚ್ಚುಗೆಯ ಹೂವೆಂದರೆ ಚೀನಾದಿಂದ ಬಂದ ಉಮೆ, ಪ್ಲಮ್ ಜಾತಿಯದು. ಆ ಕಾಲದ ಕವಿತಾ ಸಂಕಲನ ಮಾನ್ಯೋಶೂದಲ್ಲಿ ಉಮೆಯ ಪದ್ಯಗಳು ಸಕುರಾದವಕ್ಕಿಂತ ಹೆಚ್ಚೂಕಡಿಮೆ ಮೂರು ಪಟ್ಟು. ರಾಜಧಾನಿ ಕ್ಯೋಟೊಗೆ ಬಂದ ಮೇಲೆ ರುಚಿ ಬದಲಾಯಿತು. 812ರಲ್ಲಿ ಚಕ್ರವರ್ತಿ ಸಾಗಾ ಶಿನ್‌ಸೆನ್‌ಎನ್ ಉದ್ಯಾನದಲ್ಲಿ ಹೂವಿನ ಔತಣ ನಡೆಸಿದ. ಅದಾದ ಮೇಲೆ ಸಕುರಾ ಅರಮನೆಯ ಹೂವಾಯಿತು. ಎಂಟು ಶತಮಾನಗಳ ನಂತರ, ಆಗ ದೇಶವಾಳುತ್ತಿದ್ದ ಟೊಯೊಟೊಮಿ ಹಿದೆಯೊಶಿ ಅದನ್ನು ದರ್ಬಾರಿನ ಆಡಂಬರ ಮಾಡಿದ. 1594ರಲ್ಲಿ ಯೋಶಿನೊ ಬೆಟ್ಟಕ್ಕೆ ಸುಮಾರು 5,000 ಮಂದಿಯ ಪರಿವಾರದೊಂದಿಗೆ ಹೋದ. 1598ರ ವಸಂತದಲ್ಲಿ ಕ್ಯೋಟೊದ ದೈಗೊಜಿ ದೇವಾಲಯದಲ್ಲಿ, ಸಾಯಲು ಕೆಲವೇ ತಿಂಗಳಿದ್ದಾಗ, ಸುಮಾರು 1,300 ಮಂದಿಗೆ ಔತಣ ಕೊಟ್ಟ. ಅದಕ್ಕೆಂದೇ ಬೇರೆ ಬೇರೆ ಕಡೆಯ ಮರಗಳನ್ನು ಕಿತ್ತು ತರಿಸಿ ಅಲ್ಲಿ ನೆಡಿಸಿದ್ದ. ಹೂವಿದ್ದಲ್ಲಿಗೆ ತಾನು ಹೋಗುವ ಬದಲು ಹೂವನ್ನೇ ತನ್ನ ಬಳಿಗೆ ಕರೆಸಿಕೊಳ್ಳುವ ಯೋಚನೆ ಅಧಿಕಾರಸ್ಥರಿಗೆ ಎಲ್ಲ ಕಾಲದಲ್ಲೂ ಹೊಳೆಯುತ್ತದೆ.

ಜನಸಾಮಾನ್ಯರಿಗೆ ಹನಾಮಿ ದಕ್ಕಿದ್ದು ಸೇನಾ ಆಡಳಿತಗಾರರಾದ ಶೋಗುನ್‌ಗಳ ಎಡೊ ಕಾಲದಲ್ಲಿ. ಎಂಟನೆಯ ಶೋಗುನ್ ತೊಕುಗಾವಾ ಯೋಶಿಮುನೆ 1720ರ ದಶಕದ ಆಸುಪಾಸಿನಲ್ಲಿ ಆಸುಕಾಯಾಮಾ ಗುಡ್ಡದಲ್ಲೂ ಸುಮಿದಾ ನದಿಯ ದಡದಲ್ಲೂ ಸಕುರಾ ನೆಡಿಸಿ, ಎಡೊದ, ಅಂದರೆ ಇಂದಿನ ಟೋಕಿಯೊದ, ಪೇಟೆಯವರಿಗೆ ಬಿಟ್ಟುಕೊಟ್ಟ. ಜನ ಬಂದರು, ಅವರ ಹಿಂದೆಯೇ ತಿಂಡಿಯೂ ಬಂತು. ಸುಮಿದಾ ದಡದ ಚೋಮೇಜಿ ದೇವಾಲಯದ ಬಾಗಿಲು ಕಾಯುವವನೊಬ್ಬ ಸಕುರಾ ಎಲೆಗಳನ್ನು ಆಯ್ದು, ಉಪ್ಪಿನಲ್ಲಿ ನೆನೆಹಾಕಿ, ಸಿಹಿ ಹೂರಣದ ತಿಂಡಿಗೆ ಸುತ್ತಿ ಮಾರತೊಡಗಿದ. ಆ ಅಂಗಡಿ ತನ್ನ ಆರಂಭವನ್ನು 1717 ಎಂದು ಹೇಳಿಕೊಳ್ಳುತ್ತದೆ. ಅದೇ ಸಕುರಾಮೋಚಿ. ಟೋಕಿಯೊ ಕಡೆ ಮೈದಾಹಿಟ್ಟಿನ ತೆಳು ದೋಸೆಯಂಥದರಲ್ಲಿ ಕೆಂಪು ಅವರೆಬಗೆಯ ಅಜುಕಿ ಕಾಳಿನ ಹೂರಣ ಸುತ್ತುತ್ತಾರೆ. ಕ್ಯೋಟೊ, ಒಸಾಕಾ ಕಡೆ ಜಿಗುಟು ಅಕ್ಕಿಯ ತರಿಯಲ್ಲಿ ಉಂಡೆ ಕಟ್ಟುತ್ತಾರೆ. ಎಲೆ ತಿನ್ನಬೇಕೋ ಬಿಡಬೇಕೋ ಎಂಬ ವಾದ ಅಲ್ಲಿ ಇನ್ನೂ ಮುಗಿದಿಲ್ಲ. ನಾನಾದರೆ ತಿನ್ನಿ ಎನ್ನುತ್ತೇನೆ: ಉಪ್ಪಿನ ಆ ಎಲೆ ಇಲ್ಲದೆ ಹೂರಣ ಬರೀ ಸಿಹಿ.

ಇಷ್ಟರವರೆಗೆ ಹನಾಮಿ ಒಂದು ದಿನದ ಮಾತಾಗಿರಲಿಲ್ಲ. ಬೆಟ್ಟದ ಯಾಮಾಜಕುರಾ ಬೀಜದಿಂದ ಹುಟ್ಟುವ ಮರ, ಒಂದೊಂದೂ ಒಂದೊಂದು ದಿನ ಅರಳುತ್ತದೆ. ನೋಡುವ ಕಾಲವೂ ಹಾಗಾಗಿ ವಾರಗಟ್ಟಲೆ ಹರಡಿಕೊಂಡಿತ್ತು. ಇದನ್ನು ಬದಲಿಸಿದ್ದು ಎಡೊ ನಗರದ ಅಂಚಿನ ಸೊಮೇಯ್ ಹಳ್ಳಿಯ ತೋಟಗಾರರು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರು ಮಾರಿದ ಒಂದು ಬೆರಕೆ ತಳಿಗೆ ಎಲೆಗೆ ಮುಂಚೆಯೇ ಹೂ ಬರುತ್ತಿತ್ತು, ಮರವೂ ಬೇಗ ಬೆಳೆಯುತ್ತಿತ್ತು. 1900ರಲ್ಲಿ ಅದಕ್ಕೆ ಸೊಮೇಯ್ ಯೋಶಿನೊ ಎಂಬ ಹೆಸರು ಅಚ್ಚಾಯಿತು. ಇದು ಬೀಜದಿಂದ ಬರುವ ತಳಿಯಲ್ಲ, ಕಸಿ ಕಟ್ಟಿಯೇ ಬೆಳೆಸಬೇಕು. ಒಂದೇ ತಾಯಿಮರದ ಕಸಿ ಮಾವು ಯಾವ ತೋಟದಲ್ಲಿದ್ದರೂ ಒಂದೇ ರುಚಿ ಕೊಡುವ ಹಾಗೆ, ಒಂದು ಊರಿನ ಸೊಮೇಯ್ ಯೋಶಿನೊಗಳೆಲ್ಲ ಒಟ್ಟಿಗೆ ಅರಳಿ ಒಟ್ಟಿಗೆ ಉದುರುತ್ತವೆ. ಶೋಗುನ್‌ಗಳ ನಂತರ ಬಂದ ಮೇಯಿಜಿ ಸರ್ಕಾರ ಶಾಲೆ, ಉದ್ಯಾನ, ಸೈನಿಕ ಶಿಬಿರಗಳಲ್ಲೆಲ್ಲ ಅದನ್ನೇ ನೆಡಿಸಿತು. ಒಟ್ಟಾಗಿ ಉದುರುವ ಹೂವನ್ನು ಸೈನಿಕನ ಸಾವಿಗೆ ಹೋಲಿಸುವುದು ಸೇನೆಗೆ ಅನುಕೂಲವಾಗಿ ಒದಗಿತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಆತ್ಮಾಹುತಿ ದಾಳಿಗೆಂದೇ ಮಾಡಿದ ರಾಕೆಟ್ ವಿಮಾನಕ್ಕೂ ಸಕುರಾದ ಹೆಸರಿಟ್ಟಿದ್ದರು. ಪ್ರವಾಸದ ಕರಪತ್ರಗಳಲ್ಲಿ ಈ ಪುಟ ಇರುವುದಿಲ್ಲ.

ಮರಗಳೆಲ್ಲ ಒಂದೇ ಆದ ಮೇಲೆ ದಿನಾಂಕವೂ ಒಂದೇ ಆಯಿತು, ಅದನ್ನು ಮುನ್ನುಡಿಯಲು ಸಾಧ್ಯವಾಯಿತು. ಜಪಾನಿನ ಹವಾಮಾನ ಇಲಾಖೆ 1951ರಲ್ಲಿ ಟೋಕಿಯೊ ಸುತ್ತಿನ ಪ್ರದೇಶಕ್ಕೆ, 1955ರಿಂದ ಹೆಚ್ಚುಕಡಿಮೆ ದೇಶಕ್ಕೆಲ್ಲ ಹೂ ಮುನ್ಸೂಚನೆ ಕೊಡತೊಡಗಿತು. ಮಳೆಗಾಲ ಮುನ್ನಡೆಯುವ ರೇಖೆಯಂತೆ ಸಕುರಾ ರೇಖೆಯೂ ದಕ್ಷಿಣದಿಂದ ಉತ್ತರಕ್ಕೆ ನಕ್ಷೆಯ ಮೇಲೆ ಏರುತ್ತದೆ. ಲೆಕ್ಕದ ತಿರುಳು ಸರಳ. ಮೊಗ್ಗು ಹಿಂದಿನ ಬೇಸಿಗೆಯಲ್ಲೇ ಕಟ್ಟಿರುತ್ತದೆ, ಚಳಿಗಾಲದಲ್ಲಿ ನಿದ್ದೆಹೋಗುತ್ತದೆ, ಸಾಕಷ್ಟು ಚಳಿ ತಾಗಿದರೆ ಮಾತ್ರ ಎಚ್ಚರಗೊಂಡು ಬಿಸಿಲಿಗೆ ಬೆಳೆಯುತ್ತದೆ. ಫೆಬ್ರವರಿ 1ರಿಂದ ದಿನದ ಗರಿಷ್ಠ ತಾಪಮಾನಗಳನ್ನು ಕೂಡಿಸುತ್ತ ಹೋಗಿ, ಮೊತ್ತ 600 ಡಿಗ್ರಿ ತಲುಪಿದ ಹೊತ್ತಿಗೆ ಟೋಕಿಯೊದಲ್ಲಿ ಹೂ ಬರುತ್ತದೆ ಎಂಬುದು ಜನ ಬಳಸುವ ಒರಟು ಲೆಕ್ಕ. ಬೆಂಗಳೂರಿನಲ್ಲಿ ಈ ಮರ ಹೂ ಬಿಡದಿರುವುದಕ್ಕೂ ಕಾರಣ ಅದೇ ಚಳಿಯ ಕೊರತೆ. ವರ್ಷವರ್ಷವೂ ನಮ್ಮೂರ ಸಕುರಾ ಎಂದು ಫೋಟೊ ಹಾಕುವವರು ತೆಗೆಯುವುದು ಅಮೆರಿಕ ಖಂಡದ ಉಷ್ಣ ಪ್ರದೇಶಗಳಿಂದ ಬಂದ ಟಬೆಬುಯಾವನ್ನು. ಚಂದದ ಮರ, ಸಕುರಾಕ್ಕೂ ಅದಕ್ಕೂ ನಂಟಿಲ್ಲ.

2007ರಲ್ಲಿ ಕಂಪ್ಯೂಟರ್ ಲೆಕ್ಕ ತಪ್ಪಿ ಟೋಕಿಯೊ ಸೇರಿದಂತೆ ಕೆಲವು ಊರುಗಳ ದಿನಾಂಕ ಹಿಂದೆಮುಂದಾದಾಗ ಇಲಾಖೆ ದೇಶದ ಕ್ಷಮೆ ಕೇಳಿತು. 2010ರಿಂದ ಮುನ್ಸೂಚನೆಯ ಕೆಲಸವನ್ನು ಖಾಸಗಿ ಹವಾಮಾನ ಸಂಸ್ಥೆಗಳಿಗೆ ಬಿಟ್ಟು ತಾನು ಹಿಂದೆ ಸರಿಯಿತು. ಹೂ ಬಿಟ್ಟಿತೆಂದು ಘೋಷಿಸುವ ಕೆಲಸ ಮಾತ್ರ ಈಗಲೂ ಅದರದೇ. ಟೋಕಿಯೊದ ಯಾಸುಕುನಿ ಮಂದಿರದ ಆವರಣದಲ್ಲಿ ಒಂದು ಮಾದರಿ ಮರವಿದೆ. ಅಧಿಕಾರಿಯೊಬ್ಬರು ಕ್ಯಾಮೆರಾಗಳ ನಡುವೆ ನಿಂತು ಕೊಂಬೆ ದಿಟ್ಟಿಸಿ ಹೂ ಎಣಿಸುತ್ತಾರೆ. ಐದಾರು ಅರಳಿದ್ದರೆ ಘೋಷಣೆ, ನಾಲ್ಕಿದ್ದರೆ ನಾಳೆ ಬನ್ನಿ. ಉಪಗ್ರಹದ ಕಾಲದಲ್ಲೂ ಕಣ್ಣಳತೆಯನ್ನು ಬಿಡದ ಈ ಹಟ ನನಗೆ ಬಹಳ ಇಷ್ಟ. ಘೋಷಣೆಯಾದ ಸುಮಾರು ವಾರಕ್ಕೆ ಹೂ ತುಂಬುತ್ತದೆ. ಮಳೆಗಾಳಿ ಬಂದರೆ ಇನ್ನೊಂದು ವಾರ ಉಳಿಯುವುದೂ ಕಷ್ಟ.

ಆದರೆ ಎಷ್ಟೇ ನಿಖರವಾದ ಮುನ್ಸೂಚನೆಯೂ ನಮ್ಮಂಥ ದೂರದವರ ಕೈಗೆ ತಡವಾಗಿ ಸಿಗುತ್ತದೆ. ಟಿಕೆಟ್, ಹೋಟೆಲು ತಿಂಗಳುಗಟ್ಟಲೆ ಮೊದಲೇ ಆಗಬೇಕು, ದಿನಾಂಕ ಗಟ್ಟಿಯಾಗುವುದು ಮಾರ್ಚಿನಲ್ಲಿ. ಟೋಕಿಯೊದಲ್ಲಿ 2023ರಲ್ಲಿ ಮಾರ್ಚ್ 14ಕ್ಕೆ ಹೂ ಬಂತು, ಮರುವರ್ಷ ಮಾರ್ಚ್ 29ಕ್ಕೆ. ಎರಡು ವಾರದ ಈ ಅಂತರವನ್ನು ಯಾವ ಟ್ರಾವೆಲ್ ಏಜೆಂಟೂ ತುಂಬಿಕೊಡಲಾರ. ಜೊತೆಗೆ ಜನ. 2024ರಲ್ಲಿ ಜಪಾನಿಗೆ ಹೋದ ವಿದೇಶಿಯರು ಸುಮಾರು 3 ಕೋಟಿ 69 ಲಕ್ಷ. ಮಾರ್ಚ್ ಕೊನೆಯಲ್ಲಿ ಟೋಕಿಯೊದ ಉಎನೊ ಉದ್ಯಾನಕ್ಕೆ ಹೋದರೆ ಅವರೆಲ್ಲ ಅಲ್ಲೇ ಇದ್ದಾರೇನೋ ಅನ್ನಿಸುತ್ತದೆ.

ಹಾಗಾಗಿ ದಿನಾಂಕದ ಬೆನ್ನು ಹತ್ತುವುದನ್ನು ಬಿಟ್ಟು, ಸೊಮೇಯ್ ಯೋಶಿನೊಗೆ ಮುಂಚಿನ ಚದುರಿದ ವಸಂತಕ್ಕೆ ಮರಳುವುದೇ ಜಾಣತನ ಎನ್ನುವುದು ನನ್ನ ವಾದ. ಕರ್ನಾಟಕದ ಕುಟುಂಬಗಳಿಗೆ ಇದು ಇನ್ನೂ ಸಲೀಸು. ಮಾರ್ಚ್ ನಮಗೆ ಪರೀಕ್ಷೆಯ ತಿಂಗಳು. ಶಾಲೆಗೆ ರಜೆ ಬರುವುದು ಏಪ್ರಿಲ್ 10ರ ಸುಮಾರಿಗೆ. ಅಷ್ಟರಲ್ಲಿ ಟೋಕಿಯೊದ ಹೂ ಮುಗಿದಿರುತ್ತದೆ ಎಂದು ಹಲವರು ಕೈಬಿಡುತ್ತಾರೆ. ಕೈಬಿಡಬೇಕಾಗಿಲ್ಲ. ಯೋಶಿನೊ ಬೆಟ್ಟದ ಸುಮಾರು 30,000 ಮರಗಳು ಹೆಚ್ಚಿನವು ಬೆಟ್ಟದ ಜಾತಿಯವೇ. ತಪ್ಪಲಿನಿಂದ ಮೇಲಕ್ಕೆ ನಾಲ್ಕು ಹಂತಗಳಲ್ಲಿ ಅರಳುತ್ತವೆ, ಕೆಳಗೆ ಉದುರಿದ್ದರೂ ಮೇಲೆ ಸಿಗುವ ಸಂಭವವಿದೆ. ಕ್ಯೋಟೊದ ನಿನ್ನಾಜಿಯಲ್ಲಿ ಹೆಚ್ಚು ಎತ್ತರ ಬೆಳೆಯದ ತಡಹೂವಿನ ಸಕುರಾಗಳಿವೆ. ಒಸಾಕಾದ ಟಂಕಸಾಲೆ ತನ್ನ ಆವರಣದ ಮರಗಳನ್ನು 1883ರಿಂದ ಜನರಿಗೆ ತೋರಿಸುತ್ತ ಬಂದಿದೆ: ಸುಮಾರು 140 ತಳಿ, ಬಹುಪಾಲು ಸುತ್ತುದಳದವು. ಏಪ್ರಿಲ್‌ನಲ್ಲಿ ಒಂದು ವಾರ ಮಾತ್ರ ಬಾಗಿಲು ತೆರೆಯುತ್ತದೆ. ಈಚಿನ ವರ್ಷಗಳಲ್ಲಿ ಆನ್‌ಲೈನಿನಲ್ಲಿ ಮೊದಲೇ ಹೆಸರು ಬರೆಸಬೇಕು.

ಅಲ್ಲಿಂದ ಉತ್ತರಕ್ಕೆ ಹಿರೊಸಾಕಿ. ಏಪ್ರಿಲ್ ಮೂರನೆಯ, ನಾಲ್ಕನೆಯ ವಾರ ಅಲ್ಲಿನ ಕೋಟೆ ಹೂವಿನಲ್ಲಿ ಮುಳುಗಿರುತ್ತದೆ. ಸಕುರಾ ಕೊಂಬೆ ಕತ್ತರಿಸುವವನು ಮೂರ್ಖ ಎಂಬುದು ಜಪಾನಿನ ಹಳೆಯ ಮಾತು. ಹಿರೊಸಾಕಿ ಸೇಬಿನ ನಾಡು. ಅಲ್ಲಿನವರು ಆ ಮಾತಿಗೆ ಕಿವಿಗೊಡದೆ ಸೇಬುತೋಟದ ಸವರುವಿಕೆಯನ್ನೇ ಸಕುರಾಕ್ಕೂ ಮಾಡಿದರು. ಫಲವಾಗಿ 1882ರಲ್ಲಿ ನೆಟ್ಟ ಸೊಮೇಯ್ ಯೋಶಿನೊ ಒಂದು ಅಲ್ಲಿ ಇನ್ನೂ ಹೂ ಬಿಡುತ್ತಿದೆ. ಬೇರೆಡೆ ಯುದ್ಧಾನಂತರ ನೆಟ್ಟ ಮರಗಳೇ ಮುಪ್ಪಾಗಿವೆ. ಸೊಮೇಯ್ ಯೋಶಿನೊಗೆ ರೋಗ ಹೆಚ್ಚೆಂದು ಹಲವೆಡೆ ಹೊಸದಾಗಿ ನೆಡುವುದು ಜಿಂದಾಯ್ ಆಕೆಬೋನೊ ಎಂಬ ಬೇರೆ ತಳಿಯನ್ನು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಎಚ್ಚರದಿಂದಿರಬೇಕು. ತರಕಾರಿ ಸಾರಿನಲ್ಲೂ ಒಣಮೀನಿನ ರಸವಾದ ದಾಶಿ ಇರುತ್ತದೆ, ಬಡಿಸುವವರಿಗೆ ಅದು ಮಾಂಸಾಹಾರ ಎನ್ನಿಸುವುದೇ ಇಲ್ಲ. ಕೇಳುವಾಗ ಮೀನಿನ ದಾಶಿ ಇದೆಯೇ ಎಂದೇ ಕೇಳಿ. ಬೌದ್ಧ ಮಠಗಳ ಶೋಜಿನ್ ಊಟದಲ್ಲಿ ಆ ಭಯವಿಲ್ಲ. ಕ್ಯೋಟೊದ ತೆನ್‌ರ್ಯೂಜಿಯಲ್ಲಿ, ಕೋಯಾ ಬೆಟ್ಟದ ಮಠಗಳಲ್ಲಿ ಸಿಗುತ್ತದೆ. ಬುತ್ತಿಗೆ ಅಕ್ಕಿಹಿಟ್ಟಿನ ಉಂಡೆಗಳಾದ ಮೂರು ಬಣ್ಣದ ದಾಂಗೊ ಇದ್ದೇ ಇದೆ. ಏಪ್ರಿಲ್ ಪೂರ್ತಿ ಕ್ಯೋಟೊದ ಗಿಯೋನ್‌ನಲ್ಲಿ 1872ರಿಂದ ನಡೆದುಬಂದಿರುವ ಮಿಯಾಕೊ ಒದೊರಿ ನೃತ್ಯವಿರುತ್ತದೆ. ಹೂ ತಪ್ಪಿದ ದಿನಕ್ಕೆ ಟಿಕೆಟ್ ಮಾಡಿಟ್ಟುಕೊಳ್ಳಬಹುದು.

ಖರ್ಚಿನ ಮಾತು ಒಂದಿದೆ. ಏಳು ದಿನದ ರೈಲು ಪಾಸ್ 2023ರ ಅಕ್ಟೋಬರಿನಲ್ಲಿ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೊ–ಕ್ಯೋಟೊ ಹೋಗಿಬರುವಷ್ಟಕ್ಕೆ ಈಗ ಅದು ನಷ್ಟ. ಹಿರೊಸಾಕಿಯವರೆಗೂ ಹೋಗುವುದಾದರೆ ಲೆಕ್ಕ ಹಾಕಿ ನೋಡಿ. ಬೆಂಗಳೂರಿನಿಂದ ಟೋಕಿಯೊದ ನರಿಟಾಗೆ ನೇರ ವಿಮಾನವಿದೆ. ವಾಪಸಾತಿಯನ್ನು ಏಪ್ರಿಲ್ 28ರೊಳಗೆ ಇಟ್ಟುಕೊಳ್ಳಿ. 29ರಿಂದ ಜಪಾನೀಯರದೇ ಗೋಲ್ಡನ್ ವೀಕ್ ರಜೆ. ಆಮೇಲೆ ಬುಲೆಟ್ ರೈಲಿನಲ್ಲಿ ಸೀಟು ಸಿಗುವುದು ಅವರಿಗೇ ಕಷ್ಟ.